ಹಿಡಿಯುವ ಪ್ರತಿಕಾಯ ಕಿಣ್ವದ ಕೆಲಸವನ್ನೂ ಮಾಡಿದಾಗ: ವೇಗವರ್ಧಕ ಪ್ರತಿಕಾಯಗಳ ರಚನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೀವರಸಾಯನ ಓದುವ ವಿದ್ಯಾರ್ಥಿಗಳು, ಪಾಠ ಮಾಡುವವರು, ಸುಮ್ನೆ ಕುತೂಹಲಕ್ಕೆ ಓದುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲಕ್ಕೂ ಒಂದೇ ಉದ್ದದ ಉತ್ತರ ಸಿಗುವುದಿಲ್ಲ. ಪ್ರತಿಕಾಯದ ಗುಳಿಯೊಳಗೆ ಯಾವ ಅಣು ಎಲ್ಲಿ ಕೂತಿದೆ ಎಂಬುದೇ ಇಲ್ಲಿ ಮುಖ್ಯ ವಿಷಯ. ಆದ್ದರಿಂದ ಅಂಥ ಪ್ರಶ್ನೆಗಳ ಹತ್ತಿರ ಜಾಸ್ತಿ ಹೊತ್ತು ನಿಂತಿದ್ದೇನೆ.

ಪ್ರತಿಕಾಯದ ಕೆಲಸ ಹಿಡಿದುಕೊಳ್ಳುವುದು ಮಾತ್ರ ಅಲ್ವಾ? ಅದು ರಾಸಾಯನಿಕ ಕ್ರಿಯೆಯನ್ನೂ ನಡೆಸುತ್ತದೆ ಅಂದರೆ ಹೇಗೆ?

ಸಾಮಾನ್ಯವಾಗಿ ಹೌದು, ಹಿಡಿದುಕೊಳ್ಳುವುದೇ ಅದರ ಕೆಲಸ. ವೈರಸ್ಸೋ ಬ್ಯಾಕ್ಟೀರಿಯಾವೋ ಒಳಗೆ ಬಂದರೆ ಪ್ರತಿಕಾಯ ಅದನ್ನು ಗುರುತಿಸಿ ಅಂಟಿಕೊಳ್ಳುತ್ತದೆ. ಮುಂದಿನದನ್ನು ಬೇರೆ ಜೀವಕೋಶಗಳು, ಬೇರೆ ಪ್ರೋಟೀನುಗಳು ನೋಡಿಕೊಳ್ಳುತ್ತವೆ. ಕಿಣ್ವವೂ ಮೊದಲು ಹಿಡಿಯುತ್ತದೆ. ಆದರೆ ಹಿಡಿದದ್ದನ್ನು ಬದಲಾಯಿಸಿ ಬಿಟ್ಟುಬಿಡುತ್ತದೆ, ಮತ್ತೆ ಹೊಸದನ್ನು ಹಿಡಿಯುತ್ತದೆ.

ಯಾವುದನ್ನು ಬಿಗಿಯಾಗಿ ಹಿಡಿಯುತ್ತವೆ ಎಂಬುದರಲ್ಲೇ ಇವೆರಡರ ವ್ಯತ್ಯಾಸ ಇದೆ. ಪ್ರತಿಕಾಯ ಅಣುವನ್ನು ಅದು ಇದ್ದ ಹಾಗೆಯೇ ಹಿಡಿಯುತ್ತದೆ. ಕಿಣ್ವ ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯುವುದು ಅರ್ಧ ಬದಲಾಗಿರುವ ಅಣುವನ್ನು. ಹಾಗಾದರೆ ಆ ಅರ್ಧ ಬದಲಾದ ರೂಪವನ್ನೇ ಹಿಡಿಯುವ ಪ್ರತಿಕಾಯ ಸಿಕ್ಕರೆ ಅದು ಕಿಣ್ವದ ಹಾಗೆ ಕೆಲಸ ಮಾಡಬೇಕು, ಅಲ್ವಾ? ಮಾಡುತ್ತದೆ. ಅದನ್ನೇ ವೇಗವರ್ಧಕ ಪ್ರತಿಕಾಯ ಎನ್ನುತ್ತೇವೆ.

ಆ ಅರ್ಧ ಬದಲಾದ ರೂಪ ಯಾವುದು?

ಅದಕ್ಕೆ ಸಂಕ್ರಮಣ ಸ್ಥಿತಿ ಎನ್ನುತ್ತೇವೆ. ಈ ಬದಿಯಿಂದ ಬೆಟ್ಟ ಹತ್ತಿ ಆ ಬದಿಗೆ ಇಳಿಯುವವರು ನೆತ್ತಿಯ ಮೇಲೆ ಒಂದು ಕ್ಷಣ ಇರುತ್ತಾರಲ್ಲ, ರಾಸಾಯನಿಕ ಕ್ರಿಯೆಯಲ್ಲಿ ಅಣುಗಳಿಗೂ ಅಂಥದೊಂದು ನೆತ್ತಿ ಇದೆ. ಅಲ್ಲಿ ಹಳೆಯ ಬಂಧ ಪೂರ್ತಿ ಕಡಿದಿರುವುದಿಲ್ಲ, ಹೊಸ ಬಂಧ ಪೂರ್ತಿ ಕೂಡಿರುವುದಿಲ್ಲ. ಅದರ ಆಯಸ್ಸು ಒಂದು ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು. ಬಾಟಲಿಯಲ್ಲಿ ತುಂಬಿಡುವ ಮಾತೇ ಇಲ್ಲ.

ಈ ಸ್ಥಿತಿಯನ್ನು ಯಾವುದಾದರೂ ಪ್ರೋಟೀನ್ ಬಿಗಿಯಾಗಿ ಹಿಡಿದರೆ ಅದರ ಶಕ್ತಿ ತಗ್ಗುತ್ತದೆ, ಕ್ರಿಯೆ ವೇಗವಾಗುತ್ತದೆ. ಲೆಕ್ಕವೂ ಸರಳ. ಪ್ರೋಟೀನ್ ಸಬ್‌ಸ್ಟ್ರೇಟನ್ನು (ಅಂದರೆ ಬದಲಾಗಬೇಕಾದ ಮೂಲ ಅಣುವನ್ನು) ಹಿಡಿಯುವುದಕ್ಕಿಂತ ಎಷ್ಟು ಪಟ್ಟು ಬಿಗಿಯಾಗಿ ಸಂಕ್ರಮಣ ಸ್ಥಿತಿಯನ್ನು ಹಿಡಿಯುತ್ತದೋ, ಹೆಚ್ಚುಕಡಿಮೆ ಅಷ್ಟೇ ಪಟ್ಟು ವೇಗ ಹೆಚ್ಚುತ್ತದೆ. ಸಬ್‌ಸ್ಟ್ರೇಟನ್ನೂ ಅಷ್ಟೇ ಬಿಗಿಯಾಗಿ ಹಿಡಿದರೆ ಏನೂ ಪ್ರಯೋಜನವಿಲ್ಲ. ಈ ಕೊನೆಯ ವಾಕ್ಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಯೋಚನೆ ಮೊದಲು ಯಾರಿಗೆ ಹೊಳೆಯಿತು?

ಕಿಣ್ವ ಸಂಕ್ರಮಣ ಸ್ಥಿತಿಗೆ ಹೊಂದುವ ಆಕಾರದಲ್ಲಿರುತ್ತದೆ ಎಂದು ಲೈನಸ್ ಪಾಲಿಂಗ್ 1940ರ ದಶಕದಲ್ಲೇ ಹೇಳಿದ್ದರು. ಹಾಗಿದ್ದರೆ ಸಂಕ್ರಮಣ ಸ್ಥಿತಿಯನ್ನು ಹೋಲುವ ಅಣುವಿಗೆ ಎದುರಾಗಿ ಬೆಳೆಸಿದ ಪ್ರತಿಕಾಯ ವೇಗವರ್ಧಕವಾಗಬೇಕು ಎಂದು 1969ರಲ್ಲಿ ವಿಲಿಯಂ ಜೆಂಕ್ಸ್ ಬರೆದರು. ಆದರೆ ಆಗ ಪ್ರಯೋಗಕ್ಕೆ ದಾರಿ ಇರಲಿಲ್ಲ. ಪ್ರಾಣಿಯ ರಕ್ತದಲ್ಲಿ ಸಾವಿರಾರು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಒಂದನ್ನೇ ಶುದ್ಧವಾಗಿ ಪಡೆಯುವ ವಿಧಾನ ಬಂದದ್ದು 1975ರಲ್ಲಿ, ಕೋಲರ್ ಮತ್ತು ಮಿಲ್‌ಸ್ಟೈನ್ ಹೈಬ್ರಿಡೋಮಾ ತಂತ್ರ ಕಂಡುಹಿಡಿದಾಗ.

1986ರ ಡಿಸೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಬಂದವು. ಒಂದು ಸ್ಕ್ರಿಪ್ಸ್ ಸಂಸ್ಥೆಯ ರಿಚರ್ಡ್ ಲರ್ನರ್ ತಂಡದ್ದು. ಇನ್ನೊಂದು ಬರ್ಕ್ಲಿಯ ಪೀಟರ್ ಶುಲ್ಟ್ಸ್ ತಂಡದ್ದು. ಶುಲ್ಟ್ಸ್ ತಂಡ ಹೊಸ ಪ್ರತಿಕಾಯವನ್ನು ಬೆಳೆಸಿರಲಿಲ್ಲ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಫಾಸ್ಫೊರಿಲ್‌ಕೋಲಿನ್ ಎಂಬ ಪುಟ್ಟ ಅಣುವನ್ನು ಹಿಡಿಯುವ, ಆಗಲೇ ಎಲ್ಲರಿಗೂ ಗೊತ್ತಿದ್ದ ಇಲಿಯ ಪ್ರತಿಕಾಯವೊಂದಕ್ಕೆ ಅವರು ಸರಿಯಾದ ಸಬ್‌ಸ್ಟ್ರೇಟ್ ಕೊಟ್ಟು ನೋಡಿದರು. ಕ್ರಿಯೆ ನೂರಾರು ಪಟ್ಟು ವೇಗವಾಯಿತು. ಈ ಕೆಲಸಕ್ಕೆ ಲರ್ನರ್ ಮತ್ತು ಶುಲ್ಟ್ಸ್ ಇಬ್ಬರಿಗೂ 1994-95ರ ವುಲ್ಫ್ ಪ್ರಶಸ್ತಿ ಬಂತು.

ಕ್ಷಣಕಾಲವೂ ಉಳಿಯದ ರೂಪಕ್ಕೆ ಪ್ರತಿಕಾಯ ಬೆಳೆಸುವುದು ಹೇಗೆ?

ಅದನ್ನೇ ಹೋಲುವ, ಆದರೆ ಗಟ್ಟಿಯಾಗಿ ಉಳಿಯುವ ಅಣುವನ್ನು ತಯಾರಿಸಿ. ಎಸ್ಟರನ್ನು ನೀರಿನಿಂದ ಒಡೆಯುವ ಕ್ರಿಯೆಯನ್ನೇ ನೋಡೋಣ. ಎಸ್ಟರ್‌ನ ಕಾರ್ಬೊನಿಲ್ ಕಾರ್ಬನ್ನಿಗೆ ಮೂರು ಜೊತೆ, ಮೂರೂ ಒಂದೇ ಸಮತಲದಲ್ಲಿ. ನೀರು ಅಥವಾ ಹೈಡ್ರಾಕ್ಸೈಡ್ ಬಂದು ಸೇರುವಾಗ ಆ ಕಾರ್ಬನ್ ಚಪ್ಪಟೆಯಾಗಿ ಉಳಿಯುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ಕೈ ಚಾಚಿದಂತಾಗುತ್ತದೆ. ಕಾರ್ಬೊನಿಲ್‌ನ ಆಕ್ಸಿಜನ್ ಮೇಲೆ ಋಣ ವಿದ್ಯುದಂಶ ಬಂದು ಕೂರುತ್ತದೆ.

ಈಗ ಆ ಕಾರ್ಬನ್ ಜಾಗದಲ್ಲಿ ಫಾಸ್ಫರಸ್ ಇಡಿ. ಅದು ಫಾಸ್ಫೊನೇಟ್. ಅದರಲ್ಲಿ ಫಾಸ್ಫರಸ್ ಯಾವಾಗಲೂ ನಾಲ್ಕು ಮೂಲೆಯ ಆಕಾರದಲ್ಲೇ ಇರುತ್ತದೆ, ಅದರ ಆಕ್ಸಿಜನ್‌ಗಳ ಮೇಲೆ ಋಣ ವಿದ್ಯುದಂಶವೂ ಇರುತ್ತದೆ. ಬಂಧದ ಉದ್ದ ಮಾತ್ರ ಸ್ವಲ್ಪ ಜಾಸ್ತಿ, ಸುಮಾರು 1.5 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ). ಇಷ್ಟು ಹೋಲಿಕೆ ಸಾಕು.

ಇಂಥ ಪುಟ್ಟ ಅಣುವಿಗೆ ಹ್ಯಾಪ್ಟೆನ್ ಎಂದು ಹೆಸರು. ಇಷ್ಟು ಚಿಕ್ಕದ್ದನ್ನು ದೇಹ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಅದನ್ನು ದೊಡ್ಡ ಪ್ರೋಟೀನಿಗೆ ಅಂಟಿಸಿ ಇಲಿಗೆ ಚುಚ್ಚುತ್ತಾರೆ. ಕೀಹೋಲ್ ಲಿಂಪೆಟ್ ಎಂಬ ಸಮುದ್ರ ಜೀವಿಯ ರಕ್ತದ ಪ್ರೋಟೀನನ್ನು ಈ ಕೆಲಸಕ್ಕೆ ಬಹಳ ಬಳಸುತ್ತಾರೆ. ಆಮೇಲೆ ಹೈಬ್ರಿಡೋಮಾ ಮಾಡಿ, ಹ್ಯಾಪ್ಟೆನನ್ನು ಹಿಡಿಯುವ ಪ್ರತಿಕಾಯಗಳನ್ನು ಆರಿಸಿ, ಅವುಗಳಲ್ಲಿ ಯಾವುದು ಕ್ರಿಯೆ ನಡೆಸುತ್ತದೆ ಎಂದು ಪರೀಕ್ಷಿಸುತ್ತಾರೆ.

ಪ್ರತಿಕಾಯದ ಯಾವ ಭಾಗದಲ್ಲಿ ಇದೆಲ್ಲ ನಡೆಯುತ್ತದೆ?

ರಕ್ತದಲ್ಲಿ ಸಾಮಾನ್ಯವಾಗಿ ಕಾಣುವ, ವೈ ಆಕಾರದ ಐಜಿಜಿ ಪ್ರತಿಕಾಯದ ಎರಡು ತೋಳುಗಳ ತುದಿಯಲ್ಲಿ. ಪ್ರತಿ ತೋಳಿನ ತುದಿಯಲ್ಲೂ ಭಾರ ಸರಪಳಿಯ ಒಂದು ಭಾಗ, ಹಗುರ ಸರಪಳಿಯ ಒಂದು ಭಾಗ ಎದುರುಬದುರು ಕೂತಿರುತ್ತವೆ. ಒಂದೊಂದರಿಂದ ಮೂರು ಮೂರು ಕುಣಿಕೆಗಳು ಹೊರಗೆ ಚಾಚಿರುತ್ತವೆ. ಈ ಆರು ಕುಣಿಕೆಗಳ ನಡುವೆ ಆಗುವ ಗುಳಿಯೇ ಕ್ರಿಯೆ ನಡೆಯುವ ಜಾಗ. ಉಳಿದ ಚೌಕಟ್ಟು ಎಲ್ಲ ಪ್ರತಿಕಾಯಗಳಲ್ಲೂ ಹೆಚ್ಚುಕಡಿಮೆ ಒಂದೇ.

ಪರಮಾಣುಗಳು ಎಲ್ಲೆಲ್ಲಿವೆ ಎಂದು ನೋಡಲು ಪ್ರೋಟೀನನ್ನು ಸ್ಫಟಿಕ ಮಾಡಿ ಎಕ್ಸ್-ರೇ ಹಾಯಿಸುತ್ತಾರೆ. ಸ್ಫಟಿಕ ಮಾಡುವಾಗ ಇಡೀ ಪ್ರತಿಕಾಯ ಬೇಡ. ತೋಳನ್ನಷ್ಟೇ ಕತ್ತರಿಸಿಕೊಳ್ಳುತ್ತಾರೆ. ಅದಕ್ಕೆ ಫ್ಯಾಬ್ ಎನ್ನುತ್ತಾರೆ. ಇಡೀ ಪ್ರತಿಕಾಯ ಸುಮಾರು 1,50,000 ಡಾಲ್ಟನ್ ತೂಗಿದರೆ ಫ್ಯಾಬ್ ಸುಮಾರು 50,000.

‘ಎಚ್35’, ‘ಎಲ್91’ ಅಂತೆಲ್ಲ ಬರೆಯುತ್ತಾರಲ್ಲ, ಏನದು?

ಎಚ್ ಅಂದರೆ ಭಾರ ಸರಪಳಿ, ಎಲ್ ಅಂದರೆ ಹಗುರ ಸರಪಳಿ. ಮುಂದಿನ ಅಂಕಿ ಆ ಸರಪಳಿಯಲ್ಲಿ ಅಮೈನೊ ಆಮ್ಲದ ಸ್ಥಾನ. ಎಲ್ವಿನ್ ಕಬಾಟ್ ಹಾಕಿಕೊಟ್ಟ ಕ್ರಮಸಂಖ್ಯೆಯನ್ನೇ ಹೆಚ್ಚಾಗಿ ಬಳಸುತ್ತಾರೆ. ಇದರಿಂದ ಬೇರೆ ಬೇರೆ ಪ್ರತಿಕಾಯಗಳ ಒಂದೇ ಜಾಗವನ್ನು ಹೋಲಿಸಬಹುದು.

ಒಂದು ಗುಳಿಯೊಳಗೆ ನಿಜವಾಗಿ ಏನಿರುತ್ತದೆ, ಹತ್ತಿರದಿಂದ ತೋರಿಸುತ್ತೀರಾ?

17ಇ8 ಎಂಬ ಪ್ರತಿಕಾಯವನ್ನು ನೋಡೋಣ. ಫಾಸ್ಫೊನೇಟ್ ಹ್ಯಾಪ್ಟೆನ್‌ಗೆ ಎದುರಾಗಿ ಬೆಳೆಸಿದ್ದು. ನಾರ್ಲ್ಯೂಸೀನ್ ಮತ್ತು ಮೆಥಿಯೊನೀನ್ ಅಮೈನೊ ಆಮ್ಲಗಳ ಫಿನೈಲ್ ಎಸ್ಟರ್‌ಗಳನ್ನು ಒಡೆಯುತ್ತದೆ. 1994ರಲ್ಲಿ 2.5 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಇದರ ರಚನೆ ಪ್ರಕಟವಾಯಿತು. ಗುಳಿಯಲ್ಲಿ ಹ್ಯಾಪ್ಟೆನ್ ಕೂತಿರುವಾಗಲೇ ತೆಗೆದ ರಚನೆ ಅದು.

ಒಳಗೆ ನೀರನ್ನು ದೂರ ಇಡುವ ಒಂದು ಮೂಲೆ ಇದೆ. ನಾರ್ಲ್ಯೂಸೀನ್‌ನ ಉದ್ದ ಬಾಲ ಹೋಗಿ ಕೂರುವುದು ಅಲ್ಲಿ. ಈ ಎರಡು ಅಮೈನೊ ಆಮ್ಲಗಳೇ ಯಾಕೆ ಬೇಕು ಎಂಬುದು ಇಲ್ಲೇ ತಿಳಿಯುತ್ತದೆ. ಎರಡರ ಬಾಲವೂ ಹೆಚ್ಚುಕಡಿಮೆ ಒಂದೇ ಉದ್ದ, ಒಂದೇ ಸ್ವಭಾವ. ಫಾಸ್ಫರಸ್ ಪಕ್ಕದಲ್ಲೇ ಎಚ್97ರ ಲೈಸೀನ್ ಇದೆ. ಅದರ ಧನ ವಿದ್ಯುದಂಶ ಫಾಸ್ಫೊನೇಟ್ ಆಕ್ಸಿಜನ್‌ನ ಋಣ ವಿದ್ಯುದಂಶಕ್ಕೆ ಎದುರು ನಿಂತಿದೆ. ನಿಜವಾದ ಕ್ರಿಯೆಯಲ್ಲಿ ಕಾರ್ಬೊನಿಲ್ ಆಕ್ಸಿಜನ್ ಮೇಲೆ ಬರುವ ಋಣ ವಿದ್ಯುದಂಶವನ್ನು ಸಂಭಾಳಿಸುವುದು ಇದೇ ಲೈಸೀನ್.

ಎಲ್ಲರೂ ಬೆರಗಾದದ್ದು ಇನ್ನೊಂದು ವಿಷಯಕ್ಕೆ. ಫಾಸ್ಫರಸ್ ಹತ್ತಿರ ಎಚ್99ರ ಸೆರೀನ್, ಅದರ ಪಕ್ಕ ಎಚ್35ರ ಹಿಸ್ಟಿಡಿನ್ ಇವೆ. ಟ್ರಿಪ್ಸಿನ್, ಕೈಮೊಟ್ರಿಪ್ಸಿನ್ ಓದಿದವರಿಗೆ ಈ ಜೋಡಿ ಚೆನ್ನಾಗಿ ಗೊತ್ತು. ಆ ಜೀರ್ಣಕಾರಿ ಕಿಣ್ವಗಳಲ್ಲಿ ಸೆರೀನ್, ಹಿಸ್ಟಿಡಿನ್, ಆಸ್ಪಾರ್ಟೇಟ್ ಮೂವರೂ ಸೇರಿ ಪ್ರೋಟೀನ್ ಒಡೆಯುತ್ತಾರೆ. ಇಲ್ಲಿ ಆಸ್ಪಾರ್ಟೇಟ್ ಇಲ್ಲ, ಉಳಿದ ಇಬ್ಬರಿದ್ದಾರೆ. ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಕಿಣ್ವಗಳು ಕಂಡುಕೊಂಡ ಜೋಡಣೆಯನ್ನು ಇಲಿಯ ರೋಗನಿರೋಧಕ ವ್ಯವಸ್ಥೆ ಕೆಲವೇ ವಾರಗಳಲ್ಲಿ ಮುಟ್ಟಿತ್ತು. ಹ್ಯಾಪ್ಟೆನ್‌ನಲ್ಲಿ ‘ಇಲ್ಲೊಂದು ಸೆರೀನ್ ಇಡು’ ಎನ್ನುವ ಯಾವ ಸೂಚನೆಯೂ ಇರಲಿಲ್ಲ.

ಅದು ಪ್ರತಿಕಾಯದ ಕೆಲಸವೇ, ಕಲಬೆರಕೆಯಾಗಿ ಬಂದ ಕಿಣ್ವದ್ದಲ್ಲ ಅಂತ ಹೇಗೆ ಗೊತ್ತು?

ಈ ಅನುಮಾನ ತುಂಬ ನ್ಯಾಯವಾದದ್ದು. ಎಸ್ಟರ್ ಒಡೆಯುವ ಕಿಣ್ವಗಳು ಎಲ್ಲ ಕಡೆ ಇವೆ. ಒಂದು ಚೂರು ಬೆರೆತರೂ ಫಲಿತಾಂಶ ಹಾಳು, ಏಕೆಂದರೆ ಅವು ಪ್ರತಿಕಾಯಕ್ಕಿಂತ ಎಷ್ಟೋ ಪಟ್ಟು ಚುರುಕು. ಆದ್ದರಿಂದ ಒಂದೇ ಪರೀಕ್ಷೆಯನ್ನು ನಂಬಬಾರದು. ಹ್ಯಾಪ್ಟೆನ್ ಹಾಕಿದರೆ ಕ್ರಿಯೆ ನಿಲ್ಲಬೇಕು. ಅದೂ ಎಷ್ಟು ಗುಳಿಗಳಿವೆಯೋ ಅಷ್ಟೇ ಹ್ಯಾಪ್ಟೆನ್ ಸಾಕಾಗಬೇಕು. ತೋಳನ್ನಷ್ಟೇ ಕತ್ತರಿಸಿ ತೆಗೆದ ಫ್ಯಾಬ್‌ನಲ್ಲೂ ಕ್ರಿಯೆ ಉಳಿಯಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ, ಗುಳಿಯಲ್ಲಿರುವ ಒಂದು ಅಮೈನೊ ಆಮ್ಲವನ್ನು ಬದಲಿಸಿದಾಗ ಕ್ರಿಯೆ ಬಿದ್ದುಹೋಗುವುದು. ರಚನೆ ಗೊತ್ತಿದ್ದರೆ ಮಾತ್ರ ಯಾವುದನ್ನು ಬದಲಿಸಬೇಕು ಎಂದು ಗೊತ್ತಾಗುತ್ತದೆ. ರಚನೆಗಳ ಬೆಲೆ ಇರುವುದು ಇಲ್ಲೂ ಕೂಡ.

ಎಸ್ಟರ್ ಒಡೆಯುವ ಪ್ರತಿಕಾಯಗಳೆಲ್ಲ ಒಂದೇ ತರಹ ಕಾಣುತ್ತವೆಯೇ?

ಆಶ್ಚರ್ಯ ಆಗುವಷ್ಟು. 17ಇ8, 48ಜಿ7, ಸಿಎನ್‌ಜೆ206, ಡಿ2.3 ಇವೆಲ್ಲ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಹುಟ್ಟಿದವು. ಆದರೂ ಬಹುತೇಕ ಎಲ್ಲದರಲ್ಲೂ ಹ್ಯಾಪ್ಟೆನ್‌ನ ಬೆಂಜೀನ್ ಉಂಗುರ ಗುಳಿಯ ತಳಕ್ಕೆ ಇಳಿದಿದೆ, ಫಾಸ್ಫೊನೇಟ್ ಬಾಯಿಯ ಹತ್ತಿರ ಇದೆ, ಅದರ ಆಕ್ಸಿಜನ್‌ಗೆ ಹೈಡ್ರೋಜನ್ ಬಂಧ ಕೊಡುವ ಒಂದೆರಡು ಗುಂಪುಗಳಿವೆ. ಡಿ2.3ರಲ್ಲಿ ಆ ಕೆಲಸ ಮಾಡುವುದು ಭಾರ ಸರಪಳಿಯ ಮೂರನೇ ಕುಣಿಕೆಯ ಟೈರೊಸೀನ್.

ಇದನ್ನು ಎರಡು ರೀತಿ ಓದಬಹುದು. ಸಂಕ್ರಮಣ ಸ್ಥಿತಿಯ ಆಕ್ಸಿಜನನ್ನು ಸಂಭಾಳಿಸಿದರೆ ಕ್ರಿಯೆ ನಡೆಯುತ್ತದೆ ಎಂಬ ಪಾಲಿಂಗ್ ಮಾತು ಸರಿ ಎಂದು ಸಿದ್ಧವಾಯಿತು. ಜೊತೆಗೆ, ಒಂದೇ ಬಗೆಯ ಹ್ಯಾಪ್ಟೆನ್ ಕೊಟ್ಟರೆ ಒಂದೇ ಬಗೆಯ ಗುಳಿ ಸಿಗುತ್ತದೆ ಎಂದೂ ಗೊತ್ತಾಯಿತು. ಎರಡನೆಯದು ಅಷ್ಟು ಖುಷಿ ಕೊಡುವ ಸುದ್ದಿಯಲ್ಲ.

48ಜಿ7ರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದರಲ್ಲೇನು ವಿಶೇಷ?

ಅದರ ಹುಟ್ಟನ್ನೂ ಬೆಳವಣಿಗೆಯನ್ನೂ ಸ್ಫಟಿಕದಲ್ಲಿ ನೋಡಲು ಸಾಧ್ಯವಾಯಿತು. ಪ್ರತಿಕಾಯ ಮೊದಲು ದೇಹದಲ್ಲಿ ಇರುವ ಜೀನುಗಳಿಂದ ಬಂದ ಮೂಲ ರೂಪದಲ್ಲಿರುತ್ತದೆ. ಹ್ಯಾಪ್ಟೆನ್ ಕಂಡ ಮೇಲೆ ಬಿ ಕೋಶಗಳಲ್ಲಿ ರೂಪಾಂತರಗಳಾಗಿ, ಬಿಗಿಯಾಗಿ ಹಿಡಿಯುವವು ಮುಂದೆ ಬರುತ್ತವೆ. ಶುಲ್ಟ್ಸ್ ಮತ್ತು ರೇಮಂಡ್ ಸ್ಟೀವನ್ಸ್ ತಂಡ 48ಜಿ7ರ ಮೂಲ ರೂಪವನ್ನು ಮತ್ತೆ ಕಟ್ಟಿತು. ಮೂಲ ರೂಪ ಮತ್ತು ಬಲಿತ ರೂಪ ಎರಡನ್ನೂ, ಹ್ಯಾಪ್ಟೆನ್ ಇದ್ದಾಗ ಮತ್ತು ಇಲ್ಲದಾಗ, ಹೀಗೆ ನಾಲ್ಕು ರಚನೆಗಳನ್ನು 1997ರಲ್ಲಿ ಹೋಲಿಸಿತು.

ಮೂಲ ಮತ್ತು ಬಲಿತ ರೂಪದ ನಡುವೆ ಬದಲಾದದ್ದು ಒಂಬತ್ತು ಅಮೈನೊ ಆಮ್ಲ. ಹಿಡಿತ ಹೆಚ್ಚಿದ್ದು 30,000 ಪಟ್ಟು. ಮೂಲ ರೂಪ ಮೆತ್ತಗಿದೆ. ಹ್ಯಾಪ್ಟೆನ್ ಬಂದಾಗ ಗುಳಿ ತನ್ನನ್ನು ತಾನು ಹೊಂದಿಸಿಕೊಳ್ಳುತ್ತದೆ. ಬಲಿತ ರೂಪದಲ್ಲಿ ಗುಳಿ ಮೊದಲೇ ಸರಿಯಾದ ಆಕಾರದಲ್ಲಿ ಕಾದಿರುತ್ತದೆ. ಇನ್ನೂ ಸ್ವಾರಸ್ಯ ಎಂದರೆ, ಬದಲಾವಣೆಗಳಲ್ಲಿ ಕೆಲವು ಹ್ಯಾಪ್ಟೆನ್‌ನಿಂದ 15 ಆಂಗ್‌ಸ್ಟ್ರಾಮ್ ದೂರದಲ್ಲಿವೆ. ಅಷ್ಟು ದೂರದಿಂದಲೇ ಕುಣಿಕೆಗಳನ್ನು ಬಿಗಿಮಾಡಿ ಗುಳಿಯನ್ನು ನಿಲ್ಲಿಸುತ್ತವೆ. ಕಿಣ್ವವನ್ನು ಸುಧಾರಿಸಬೇಕು ಎಂದು ಗುಳಿಯೊಳಗೇ ಕೈ ಹಾಕುವವರು ಈ ನಾಲ್ಕು ರಚನೆಗಳನ್ನು ಒಮ್ಮೆ ನೋಡಲೇಬೇಕು.

ಆಕಾರ ಹೊಂದಿದರೆ ಸಾಕೇ? ಆಮ್ಲ, ಕ್ಷಾರ ಏನೂ ಬೇಡವೇ?

ಕೆಲವು ಕ್ರಿಯೆಗಳಿಗೆ ಆಕಾರವೇ ಬಹಳಷ್ಟು ಮಾಡುತ್ತದೆ. ಡೀಲ್ಸ್-ಆಲ್ಡರ್ ಕ್ರಿಯೆ ಅಂಥದ್ದು. ಎರಡು ಅಣುಗಳು ಸರಿಯಾದ ಕೋನದಲ್ಲಿ ಎದುರಾಗಬೇಕು, ಅಷ್ಟೇ. ಡೊನಾಲ್ಡ್ ಹಿಲ್ವರ್ಟ್ ತಂಡದ 1ಇ9 ಪ್ರತಿಕಾಯದ ಗುಳಿ ಹ್ಯಾಪ್ಟೆನನ್ನು ಎಷ್ಟು ಚೆನ್ನಾಗಿ ಸುತ್ತುವರಿಯುತ್ತದೆ ಎಂದರೆ ಖಾಲಿ ಜಾಗ ಹುಡುಕುವುದೇ ಕಷ್ಟ. ಜೊತೆಗೆ ಎಚ್35ರ ಆಸ್ಪರಜೀನ್‌ನಿಂದ ಒಂದು ಹೈಡ್ರೋಜನ್ ಬಂಧ. ಪ್ರೊಜೆಸ್ಟರಾನ್ ಹಿಡಿಯುವ ಡಿಬಿ3 ಎಂಬ ಪ್ರತಿಕಾಯ ಇದರ ಹತ್ತಿರದ ನೆಂಟ. ಎಲ್89 ಮತ್ತು ಎಚ್47 ಸ್ಥಾನಗಳಲ್ಲಾದ ಬದಲಾವಣೆಗಳು ಗುಳಿಯ ಆಕಾರವನ್ನು ತಿದ್ದಿ ಇದನ್ನು ಒಳ್ಳೆಯ ವೇಗವರ್ಧಕ ಮಾಡಿದವು.

ಇಲ್ಲಿ ಹ್ಯಾಪ್ಟೆನ್ ಆರಿಸಿದವರ ಜಾಣ್ಮೆಯನ್ನೂ ಹೇಳಬೇಕು. ಡೀಲ್ಸ್-ಆಲ್ಡರ್ ಉತ್ಪನ್ನ ಸಂಕ್ರಮಣ ಸ್ಥಿತಿಯನ್ನೇ ಹೋಲುತ್ತದೆ. ಹಾಗಾಗಿ ಪ್ರತಿಕಾಯ ಉತ್ಪನ್ನವನ್ನೇ ಹಿಡಿದು ಕೂತುಬಿಡುವ ಅಪಾಯ ಇದೆ. ಅವರು ಆರಿಸಿಕೊಂಡ ಕ್ರಿಯೆಯಲ್ಲಿ ಮೊದಲ ಉತ್ಪನ್ನ ತಕ್ಷಣ ಸಲ್ಫರ್ ಡೈಆಕ್ಸೈಡನ್ನು ಕಳಚಿಕೊಂಡು ಚಪ್ಪಟೆಯಾಗುತ್ತದೆ. ಆಕಾರ ಬದಲಾದ ಮೇಲೆ ಗುಳಿ ಅದನ್ನು ಹಿಡಿಯಲಾರದು. ಗುಳಿ ಖಾಲಿ, ಮುಂದಿನ ಸುತ್ತಿಗೆ ಸಿದ್ಧ.

ಆಕಾರವಷ್ಟೇ ಸಾಲದು ಎನ್ನುವುದಕ್ಕೆ 1ಎಫ್7 ಎಂಬ ಪ್ರತಿಕಾಯ ಒಳ್ಳೆಯ ಉದಾಹರಣೆ. ಕೊರಿಸ್ಮೇಟನ್ನು ಪ್ರಿಫಿನೇಟ್ ಮಾಡುವ ಕ್ರಿಯೆಯನ್ನು ಅದು ನೂರಾರು ಪಟ್ಟು ವೇಗಗೊಳಿಸುತ್ತದೆ. ಬ್ಯಾಕ್ಟೀರಿಯಾದ ಕಿಣ್ವ ಅದೇ ಕ್ರಿಯೆಯನ್ನು ಸುಮಾರು ಹತ್ತು ಲಕ್ಷ ಪಟ್ಟು ವೇಗಗೊಳಿಸುತ್ತದೆ. 1994ರ ರಚನೆಯಲ್ಲಿ ಕಾರಣ ಕಾಣುತ್ತದೆ. ಅಣುವನ್ನು ಸರಿಯಾದ ಭಂಗಿಯಲ್ಲಿ ಮಡಿಸಿ ಹಿಡಿಯುವುದರಲ್ಲಿ ಎರಡೂ ಒಂದೇ. ಆದರೆ ಕಿಣ್ವದಲ್ಲಿ ಹೈಡ್ರೋಜನ್ ಬಂಧಗಳು, ವಿದ್ಯುದಂಶದ ಆಸರೆಗಳು ಬಹಳ ಜಾಸ್ತಿ. ಬ್ಯಾಸಿಲಸ್ ಸಬ್ಟಿಲಿಸ್‌ನ ಕಿಣ್ವದಲ್ಲಿ 90ನೇ ಆರ್ಜಿನೀನ್ ಹತ್ತಿರದಲ್ಲೇ ಕಡಿಯುತ್ತಿರುವ ಬಂಧದ ಆಕ್ಸಿಜನ್ ಇದೆ. ಆ ಆರ್ಜಿನೀನ್ ಬದಲಿಗೆ ಅದೇ ಆಕಾರದ, ಆದರೆ ವಿದ್ಯುದಂಶ ಇಲ್ಲದ ಸಿಟ್ರುಲೀನ್ ಇಟ್ಟು 2003ರಲ್ಲಿ ಹಿಲ್ವರ್ಟ್ ತಂಡ ನೋಡಿತು. ವೇಗ ಹತ್ತು ಸಾವಿರ ಪಟ್ಟಿಗಿಂತ ಜಾಸ್ತಿ ಕುಸಿಯಿತು. ಆಕಾರ ಒಂದೇ, ವಿದ್ಯುದಂಶ ಮಾತ್ರ ಇಲ್ಲ.

ಬೇಕಾದ ಜಾಗದಲ್ಲಿ ಕ್ಷಾರವನ್ನು ಕೂರಿಸಲು ಬರುತ್ತದೆಯೇ?

ಬರುತ್ತದೆ. ಹ್ಯಾಪ್ಟೆನ್‌ನಲ್ಲಿ ಧನ ವಿದ್ಯುದಂಶ ಇಟ್ಟರೆ ಅದರ ಎದುರು ಋಣ ವಿದ್ಯುದಂಶದ ಅಮೈನೊ ಆಮ್ಲ ಬಂದು ಕೂರುವ ಸಾಧ್ಯತೆ ಹೆಚ್ಚು. 34ಇ4 ಪ್ರತಿಕಾಯವನ್ನು ಹೀಗೇ ಪಡೆದರು. ಕೆಂಪ್ ಎಲಿಮಿನೇಶನ್ ಎಂಬ ಕ್ರಿಯೆಯಲ್ಲಿ ಪ್ರೋಟಾನ್ ಕಿತ್ತುಕೊಳ್ಳುವ ಕೆಲಸ ಎಚ್50ರ ಗ್ಲುಟಮೇಟ್‌ನದು. 2005ರ ರಚನೆಯಲ್ಲಿ ಅದು ನಿರೀಕ್ಷಿಸಿದ ಜಾಗದಲ್ಲೇ ಕಂಡಿತು.

ಆದರೆ 1996ರಲ್ಲಿ ಹೋಲ್ಫೆಲ್ಡರ್, ಕರ್ಬಿ ಮತ್ತು ತೌಫಿಕ್ ತೋರಿಸಿದ್ದನ್ನು ಮರೆಮಾಚುವುದು ಸರಿಯಲ್ಲ. ಹಸುವಿನ ರಕ್ತದಲ್ಲಿ ಸಿಗುವ ಸಾಮಾನ್ಯ ಆಲ್ಬುಮಿನ್ ಕೂಡ ಅದೇ ಕ್ರಿಯೆಯನ್ನು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಮಾಡುತ್ತದೆ. ಅದನ್ನು ಯಾರೂ ಆ ಕೆಲಸಕ್ಕೆಂದು ಬೆಳೆಸಿದ್ದಲ್ಲ. ನೀರಿಲ್ಲದ ಗುಳಿಯಲ್ಲಿ ಒಂದು ಕ್ಷಾರ ಇದ್ದರೆ ಎಷ್ಟೋ ಕೆಲಸ ತಾನಾಗೇ ಆಗುತ್ತದೆ ಎಂಬ ಪಾಠ ಅದರಿಂದ ಸಿಕ್ಕಿತು.

ಎಲ್ಲಕ್ಕಿಂತ ಯಶಸ್ವಿಯಾದ ವೇಗವರ್ಧಕ ಪ್ರತಿಕಾಯ ಯಾವುದು?

ನನ್ನ ಮತ ಆಲ್ಡೊಲೇಸ್ ಪ್ರತಿಕಾಯಗಳಿಗೆ. 38ಸಿ2 ಮತ್ತು 33ಎಫ್12. ಲರ್ನರ್ ಮತ್ತು ಕಾರ್ಲೊಸ್ ಬಾರ್ಬಾಸ್ ತಂಡ 1995ರಲ್ಲಿ ಇವನ್ನು ಪ್ರಕಟಿಸಿತು. ಇಲ್ಲಿ ದಾರಿಯೇ ಬೇರೆ. ಸಂಕ್ರಮಣ ಸ್ಥಿತಿಯ ನಕಲನ್ನು ಅವರು ಕೊಡಲಿಲ್ಲ. ಲೈಸೀನ್ ಜೊತೆ ನಿಜವಾಗಿಯೂ ರಾಸಾಯನಿಕ ಬಂಧ ಕಟ್ಟಿಕೊಳ್ಳುವ ಡೈಕೀಟೋನ್ ಕೊಟ್ಟರು. ಗುಳಿಯಲ್ಲಿ ಚುರುಕಾದ ಲೈಸೀನ್ ಇರುವ ಪ್ರತಿಕಾಯ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿಯಬಲ್ಲದು. ಅಂದರೆ ಆಯ್ಕೆ ನಡೆದದ್ದು ಹಿಡಿತಕ್ಕಲ್ಲ, ರಾಸಾಯನಿಕ ಕ್ರಿಯೆಗೇ.

1997ರಲ್ಲಿ ಬಂದ 33ಎಫ್12ರ ರಚನೆಯಲ್ಲಿ ಆ ಲೈಸೀನ್ ಕಾಣುತ್ತದೆ. ಎಚ್93 ಸ್ಥಾನ. 11 ಆಂಗ್‌ಸ್ಟ್ರಾಮ್‌ಗಿಂತ ಆಳವಾದ ಗುಳಿಯ ತಳದಲ್ಲಿದೆ. ಸುತ್ತ ನೀರನ್ನು ದೂರ ಇಡುವ ಅಮೈನೊ ಆಮ್ಲಗಳು. ಲೈಸೀನ್ ನೀರಿನಲ್ಲಿದ್ದರೆ ಪ್ರೋಟಾನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅದರ ಪಿಕೆಎ (ಪ್ರೋಟಾನಿನ ಮೇಲಿನ ಹಿಡಿತ ಎಷ್ಟು ಬಿಗಿ ಎಂದು ಹೇಳುವ ಅಳತೆ) 10ಕ್ಕೂ ಮೇಲೆ. ಆಗ ಅದು ಯಾವುದರ ಜೊತೆಗೂ ಸುಲಭವಾಗಿ ಸೇರುವುದಿಲ್ಲ. ನೀರಿಲ್ಲದ ಈ ಗುಳಿಯಲ್ಲಿ ವಿದ್ಯುದಂಶ ಹೊತ್ತುಕೊಂಡಿರುವುದೇ ಕಷ್ಟ. ಆದ್ದರಿಂದ ಪ್ರೋಟಾನನ್ನು ಬಿಟ್ಟುಬಿಡುತ್ತದೆ. ಪಿಕೆಎ ಸುಮಾರು 5.5ಕ್ಕೆ ಇಳಿಯುತ್ತದೆ. ಬರಿಗೈಯ ಲೈಸೀನ್ ಕೀಟೋನನ್ನು ಹಿಡಿದು ಈನಮೀನ್ ಎಂಬ ಮಧ್ಯಂತರ ರೂಪ ಮಾಡಿಕೊಂಡು, ಎರಡು ಅಣುಗಳನ್ನು ಕಾರ್ಬನ್-ಕಾರ್ಬನ್ ಬಂಧದಿಂದ ಜೋಡಿಸುವ ಆಲ್ಡಾಲ್ ಕ್ರಿಯೆ ನಡೆಸುತ್ತದೆ. ನಮ್ಮ ಜೀವಕೋಶಗಳ ಆಲ್ಡೊಲೇಸ್ ಕಿಣ್ವವೂ ಇದೇ ದಾರಿ ಹಿಡಿಯುತ್ತದೆ.

ಗುಳಿ ದೊಡ್ಡದಾಗಿರುವುದರಿಂದ ಒಂದೇ ಸಬ್‌ಸ್ಟ್ರೇಟ್ ಬೇಕು ಎಂಬ ಹಟ ಇಲ್ಲ. ನೂರಕ್ಕೂ ಹೆಚ್ಚು ಬಗೆಯ ಜೋಡಣೆಗಳನ್ನು ಇವು ಮಾಡುತ್ತವೆ. 38ಸಿ2 ರಾಸಾಯನಿಕಗಳ ಅಂಗಡಿಯಲ್ಲಿ ಮಾರಾಟಕ್ಕೂ ಬಂದಿತ್ತು.

ಹ್ಯಾಪ್ಟೆನ್ ಹೇಳದೇ ಇದ್ದ ಕೆಲಸವನ್ನೂ ಪ್ರತಿಕಾಯ ಮಾಡುತ್ತದೆಯೇ?

ಹೌದು. 43ಸಿ9 ಎಂಬ ಪ್ರತಿಕಾಯ ಅಮೈಡ್ ಬಂಧವನ್ನು ಲಕ್ಷಾಂತರ ಪಟ್ಟು ವೇಗವಾಗಿ ಒಡೆಯುತ್ತದೆ. ಎಲ್91ರ ಹಿಸ್ಟಿಡಿನ್ ಸಬ್‌ಸ್ಟ್ರೇಟ್ ಜೊತೆ ತಾನೇ ಬಂಧ ಕಟ್ಟಿಕೊಂಡು ಮಧ್ಯಂತರ ರೂಪ ಮಾಡುತ್ತದೆ. ಎಲ್96ರ ಆರ್ಜಿನೀನ್ ಆಕ್ಸಿಜನನ್ನು ಸಂಭಾಳಿಸುತ್ತದೆ. ಹಿಸ್ಟಿಡಿನ್‌ನ ಈ ಪಾತ್ರವನ್ನು ಯಾರೂ ಯೋಜಿಸಿರಲಿಲ್ಲ.

ಸಬ್‌ಸ್ಟ್ರೇಟನ್ನು ಬಗ್ಗಿಸಿ ಕೆಲಸ ಮಾಡುವ ಪ್ರತಿಕಾಯ ಇದೆಯೇ?

7ಜಿ12. ಪಾರ್ಫಿರಿನ್ ಎಂಬ ಚಪ್ಪಟೆ ಉಂಗುರವನ್ನು ಬಾಗಿಸಿ ಅದರ ನಡುವೆ ಲೋಹ ಕೂರಲು ಅನುಕೂಲ ಮಾಡಿಕೊಡುತ್ತದೆ. ಹ್ಯಾಪ್ಟೆನ್ ಆಗಿ ಕೊಟ್ಟದ್ದು ಮೊದಲೇ ಬಾಗಿದ ಮೀಥೈಲ್ ಪಾರ್ಫಿರಿನ್.

ಇಷ್ಟೆಲ್ಲ ಇದ್ದರೂ ಪ್ರತಿಕಾಯಗಳು ಕಿಣ್ವಗಳಿಗಿಂತ ನಿಧಾನ. ಯಾಕೆ?

ಇದೇ ಈ ಪುಟದ ಮುಖ್ಯ ಪ್ರಶ್ನೆ. ಹೆಚ್ಚಿನ ವೇಗವರ್ಧಕ ಪ್ರತಿಕಾಯಗಳು ಕ್ರಿಯೆಯನ್ನು ಸಾವಿರದಿಂದ ಲಕ್ಷ ಪಟ್ಟು ವೇಗಗೊಳಿಸುತ್ತವೆ. ಕಿಣ್ವಗಳಲ್ಲಿ ಓರೊಟಿಡಿನ್ ಮಾನೊಫಾಸ್ಫೇಟ್ ಡಿಕಾರ್ಬಾಕ್ಸಿಲೇಸ್‌ನಂಥದ್ದು 10ರ ಘಾತ 17ರಷ್ಟು ವೇಗ ಕೊಡುತ್ತದೆ.

ಮೊದಲ ಕಾರಣ, ನಾವು ಕೇಳಿದ್ದೇ ಬೇರೆ. ಇಲಿಯ ದೇಹ ಹ್ಯಾಪ್ಟೆನನ್ನು ಬಿಗಿಯಾಗಿ ಹಿಡಿಯುವ ಪ್ರತಿಕಾಯವನ್ನು ಆರಿಸುತ್ತದೆ. ಕ್ರಿಯೆ ಎಷ್ಟು ವೇಗವಾಗಿ ನಡೆಯಿತು ಎಂದು ಅದು ನೋಡುವುದೇ ಇಲ್ಲ. ಫಾಸ್ಫೊನೇಟ್‌ನ ಬೆಂಜೀನ್ ಉಂಗುರವನ್ನು ಗಟ್ಟಿಯಾಗಿ ಹಿಡಿದರೂ ಹಿಡಿತ ಹೆಚ್ಚುತ್ತದೆ. ಆದರೆ ಆ ಉಂಗುರ ಸಬ್‌ಸ್ಟ್ರೇಟ್‌ನಲ್ಲೂ ಹಾಗೇ ಇದೆ. ಎರಡನ್ನೂ ಒಂದೇ ಬಿಗಿಯಲ್ಲಿ ಹಿಡಿದರೆ ವೇಗಕ್ಕೆ ಏನೂ ಸಿಗುವುದಿಲ್ಲ. ಎಸ್ಟರ್ ಒಡೆಯುವ ಪ್ರತಿಕಾಯಗಳ ಗುಳಿಗಳಲ್ಲಿ ಉಂಗುರಕ್ಕೆ ಆಳವಾದ ಜಾಗ, ಫಾಸ್ಫೊನೇಟ್‌ಗೆ ಬಾಯಿಯ ಬಳಿ ಜಾಗ ಸಿಕ್ಕಿದ್ದನ್ನು ನೋಡಿದೆವಲ್ಲ, ಅದರ ಅರ್ಥ ಇದೇ.

ನಕಲೂ ಪೂರ್ತಿ ನಕಲಲ್ಲ. ಫಾಸ್ಫರಸ್‌ನ ಬಂಧಗಳು ಉದ್ದ, ವಿದ್ಯುದಂಶ ಹಂಚಿರುವ ರೀತಿಯೂ ಬೇರೆ. ಅರ್ಧ ಕಡಿದ ಬಂಧವನ್ನು ಯಾವ ಗಟ್ಟಿ ಅಣುವೂ ತೋರಿಸಲಾರದು.

ಹಿಡಿತಕ್ಕೂ ಒಂದು ಮಿತಿ ಇದೆ. ಬಿ ಕೋಶ ಒಂದು ಮಟ್ಟದವರೆಗೆ ಮಾತ್ರ ಬಿಗಿ ಹಿಡಿತಕ್ಕೆ ಬೆಲೆ ಕೊಡುತ್ತದೆ. ವಿಘಟನ ಸ್ಥಿರಾಂಕ (ಇದು ಚಿಕ್ಕದಾದಷ್ಟೂ ಹಿಡಿತ ಬಿಗಿ) ಸುಮಾರು 10ರ ಘಾತ ಮೈನಸ್ 10 ಮೋಲಾರ್ ಮುಟ್ಟಿದ ಮೇಲೆ ಇನ್ನೂ ಬಿಗಿ ಮಾಡಿದರೂ ಆ ಕೋಶಕ್ಕೆ ಲಾಭವಿಲ್ಲ. ಅತಿ ಚುರುಕಾದ ಕಿಣ್ವಗಳು ತಮ್ಮ ಸಂಕ್ರಮಣ ಸ್ಥಿತಿಯನ್ನು ಇದಕ್ಕಿಂತ ಕೋಟಿ ಕೋಟಿ ಪಟ್ಟು ಬಿಗಿಯಾಗಿ ಹಿಡಿಯುತ್ತವೆ.

ಇನ್ನು ಚೌಕಟ್ಟಿನ ವಿಷಯ. ಕಿಣ್ವಗಳಿಗೆ ನೂರಾರು ಬಗೆಯ ಮಡಿಕೆಗಳಿವೆ. ಪ್ರತಿಕಾಯಕ್ಕೆ ಒಂದೇ. ಗುಳಿ ಯಾವಾಗಲೂ ಎರಡು ಸರಪಳಿಗಳ ನಡುವಿನ ಕುಣಿಕೆಗಳಲ್ಲೇ ಆಗಬೇಕು. ಸೆರೀನ್ ಸಿಕ್ಕರೂ ಅದರ ಹಿಂದೆ ಹಿಸ್ಟಿಡಿನ್, ಹಿಸ್ಟಿಡಿನ್ ಹಿಂದೆ ಆಸ್ಪಾರ್ಟೇಟ್, ಪಕ್ಕದಲ್ಲಿ ಆಕ್ಸಿಜನ್‌ಗೆ ಎರಡು ಹೈಡ್ರೋಜನ್ ಬಂಧ, ಎಲ್ಲವೂ ಒಟ್ಟಿಗೆ ಸರಿಯಾದ ಕೋನದಲ್ಲಿ ಕೂಡಿಬರುವುದು ಕೆಲವು ವಾರಗಳಲ್ಲಿ ಆಗುವ ಕೆಲಸವಲ್ಲ. ಆಲ್ಡೊಲೇಸ್ ಪ್ರತಿಕಾಯಗಳು ಗೆದ್ದದ್ದು ಕ್ರಿಯೆಗೇ ನೇರವಾಗಿ ಆಯ್ಕೆ ನಡೆದದ್ದರಿಂದ, ಮತ್ತು ಅವಕ್ಕೆ ಬೇಕಾದದ್ದು ಮುಖ್ಯವಾಗಿ ಒಂದೇ ಒಂದು ಚುರುಕು ಲೈಸೀನ್ ಆಗಿದ್ದರಿಂದ.

ಈ ಕೊರತೆಯನ್ನು ಸೋಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಿಣ್ವದ ವೇಗದಲ್ಲಿ ಆಕಾರದ ಪಾಲೆಷ್ಟು, ವಿದ್ಯುದಂಶದ ಪಾಲೆಷ್ಟು, ಸರಿಯಾಗಿ ಜೋಡಿಸಿದ ಅಮೈನೊ ಆಮ್ಲಗಳ ಪಾಲೆಷ್ಟು ಎಂದು ಬಿಡಿಬಿಡಿಯಾಗಿ ಅಳೆಯಲು ಇಷ್ಟು ಒಳ್ಳೆಯ ಸಾಧನ ಬೇರೆ ಸಿಕ್ಕಿರಲಿಲ್ಲ.

ನಮ್ಮ ದೇಹದಲ್ಲಿ ಇಂಥವು ತಾವಾಗೇ ಹುಟ್ಟುತ್ತವೆಯೇ?

ಹುಟ್ಟುತ್ತವೆ. 1989ರಲ್ಲಿ ಸುಧೀರ್ ಪಾಲ್ ತಂಡ ಮನುಷ್ಯರ ರಕ್ತದಲ್ಲಿ ವಿಐಪಿ ಎಂಬ ಪೆಪ್ಟೈಡನ್ನು ಒಡೆಯುವ ಪ್ರತಿಕಾಯಗಳನ್ನು ವರದಿ ಮಾಡಿತು. ಅಂಥ ಒಂದು ಹಗುರ ಸರಪಳಿಯಲ್ಲಿ 1ನೇ ಆಸ್ಪಾರ್ಟೇಟ್, 27ಎ ಸೆರೀನ್, 93ನೇ ಹಿಸ್ಟಿಡಿನ್ ಕೆಲಸಕ್ಕೆ ಬೇಕು ಎಂದು ಆಮೇಲೆ ತಿಳಿಯಿತು. ಅದೇ ಪರಿಚಿತ ಮೂವರು. 1992ರಲ್ಲಿ ಲೂಪಸ್ ರೋಗಿಗಳಲ್ಲಿ ಡಿಎನ್‌ಎ ಕತ್ತರಿಸುವ ಪ್ರತಿಕಾಯಗಳು, 1999ರಲ್ಲಿ ಕೆಲವು ಹಿಮೊಫಿಲಿಯಾ ರೋಗಿಗಳಲ್ಲಿ ಚಿಕಿತ್ಸೆಗೆ ಕೊಟ್ಟ, ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನನ್ನು ಒಡೆಯುವ ಪ್ರತಿಕಾಯಗಳು ಕಂಡವು.

ಔಷಧಿಯಾಗಿ ಉಪಯೋಗ ಇದೆಯೇ?

ಪ್ರಯತ್ನಗಳು ಗಂಭೀರವಾಗಿಯೇ ನಡೆದಿವೆ. ಕೊಲಂಬಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ಲ್ಯಾಂಡ್ರಿ ತಂಡ 1993ರಲ್ಲಿ ಕೊಕೇನನ್ನು ಒಡೆಯುವ ಪ್ರತಿಕಾಯಗಳನ್ನು ಪ್ರಕಟಿಸಿತು. ಕೊಕೇನ್‌ನ ಬೆಂಜೊಯಿಲ್ ಎಸ್ಟರ್ ಕಡಿದರೆ ಉಳಿಯುವ ತುಣುಕುಗಳಿಗೆ ಅಮಲಿಲ್ಲ. ಈ ಸಾಲಿನ 15ಎ10 ಇಲಿಗಳನ್ನು ಮಾರಕ ಪ್ರಮಾಣದ ಕೊಕೇನ್‌ನಿಂದ ಉಳಿಸಿತು. ಆದರೆ ನಿಮಿಷಕ್ಕೆ ಎರಡು ಅಣುವಿನಷ್ಟು ವೇಗ ಚಿಕಿತ್ಸೆಗೆ ಸಾಲದು. ಬ್ಯಾಕ್ಟೀರಿಯಾದ ಕೊಕೇನ್ ಎಸ್ಟರೇಸ್ ಇದಕ್ಕಿಂತ ಎಷ್ಟೋ ಚುರುಕು.

38ಸಿ2ರ ಕಥೆ ಬೇರೆ. ಕೆಲಸ ಮಾಡದಂತೆ ರಾಸಾಯನಿಕ ಮುಚ್ಚಳ ಹಾಕಿದ ಡಾಕ್ಸೊರುಬಿಸಿನ್‌ನಂಥ ಕ್ಯಾನ್ಸರ್ ಔಷಧಿಯ ಮುಚ್ಚಳವನ್ನು ಅದು ಗಡ್ಡೆಯ ಹತ್ತಿರ ತೆಗೆಯುವಂತೆ ಮಾಡಿ ನೋಡಿದ್ದಾರೆ. ಎಚ್93ರ ಚುರುಕು ಲೈಸೀನ್‌ಗೆ ಔಷಧಿ ಅಣುವನ್ನೇ ಅಂಟಿಸಿ, ಪ್ರತಿಕಾಯವನ್ನು ಹೊಸ ಗುರಿಯ ಕಡೆ ಕಳಿಸುವ ದಾರಿಯೂ ಅಲ್ಲಿಂದಲೇ ಹುಟ್ಟಿತು. ಅಲ್ಲಿ ಕ್ರಿಯೆ ಮುಖ್ಯವಲ್ಲ, ಆ ಗುಳಿಯ ಲೈಸೀನ್ ಮುಖ್ಯ.

ಈಗಲೂ ಇದರ ಮೇಲೆ ಕೆಲಸ ನಡೆಯುತ್ತಿದೆಯೇ?

ಮೊದಲಿನಷ್ಟು ಭರಾಟೆ ಇಲ್ಲ. ಹೊಸ ಕಿಣ್ವ ಬೇಕಾದವರು ಈಗ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ಆಮೇಲೆ ಪ್ರಯೋಗಾಲಯದಲ್ಲಿ ವಿಕಾಸ ಮಾಡಿಸುತ್ತಾರೆ. 2008ರಲ್ಲಿ ಡೇವಿಡ್ ಬೇಕರ್ ತಂಡ ಹೀಗೆ ವಿನ್ಯಾಸ ಮಾಡಿದ್ದು ಕೆಂಪ್ ಎಲಿಮಿನೇಶನ್ ಕಿಣ್ವವನ್ನೇ, 34ಇ4 ಮಾಡುವ ಅದೇ ಕ್ರಿಯೆ. ಸಂಕ್ರಮಣ ಸ್ಥಿತಿಯ ಸುತ್ತ ಗುಳಿ ಕಟ್ಟುವುದು, ಕ್ಷಾರವನ್ನು ಸರಿಯಾದ ಜಾಗದಲ್ಲಿ ಇಡುವುದು, ಇವೆಲ್ಲ ಅವರಿಗಿಂತ ಮೊದಲು ಪ್ರತಿಕಾಯಗಳ ಮೇಲೆ ಪರೀಕ್ಷೆಯಾಗಿದ್ದ ಯೋಚನೆಗಳು.

ಈ ರಚನೆಗಳನ್ನು ನಾನೇ ನೋಡಬಹುದೇ?

ಖಂಡಿತ. ಪ್ರೋಟೀನ್ ಡೇಟಾ ಬ್ಯಾಂಕ್‌ನ ಜಾಲತಾಣದಲ್ಲಿ ಎಲ್ಲವೂ ಉಚಿತ. ಪ್ರತಿಕಾಯದ ಹೆಸರು ಹಾಕಿ ಹುಡುಕಿ. ಬ್ರೌಸರಿನಲ್ಲೇ ತಿರುಗಿಸಿ ನೋಡಬಹುದು. ಮೊದಲು 17ಇ8 ತೆರೆಯಿರಿ. ಹ್ಯಾಪ್ಟೆನನ್ನು ಮಾತ್ರ ಬಣ್ಣ ಮಾಡಿ, ಅದರ 4 ಆಂಗ್‌ಸ್ಟ್ರಾಮ್ ಒಳಗಿರುವ ಅಮೈನೊ ಆಮ್ಲಗಳನ್ನಷ್ಟೇ ತೋರಿಸುವಂತೆ ಹೇಳಿ. ಆಮೇಲೆ 33ಎಫ್12 ತೆರೆದು ಗುಳಿಯ ತಳದ ಲೈಸೀನನ್ನು ಹುಡುಕಿ. ಒಂದು ಎಚ್ಚರಿಕೆ: ಕಡತದಲ್ಲಿರುವ ಕ್ರಮಸಂಖ್ಯೆ ಎಲ್ಲ ಕಡೆ ಕಬಾಟ್ ಕ್ರಮದಲ್ಲೇ ಇರುವುದಿಲ್ಲ. ಪ್ರಬಂಧದಲ್ಲಿ ಹೇಳಿದ ಸಂಖ್ಯೆಯಲ್ಲಿ ಬೇರೆ ಅಮೈನೊ ಆಮ್ಲ ಕಂಡರೆ ಗಾಬರಿ ಬೇಡ, ಅಕ್ಕಪಕ್ಕದ ಸಾಲನ್ನು ಹೋಲಿಸಿ ನೋಡಿ.